ಚೋಕ್ ಎಳೆದರೆ ಎಂಜಿನ್ ಬಿಸಿಯಾಗುತ್ತದೆಯೇ? ಮೇಬ್ಯಾಕ್ ಬದುಕು ಹೇಳುವ ಉತ್ತರ

ಹಳೆಯ ಕಾರಿನ ಚೋಕ್ ಗುಂಡಿ ಎಂಜಿನ್ನನ್ನು ಬಿಸಿ ಮಾಡುತ್ತದೆ, ಹೆಚ್ಚು ಹೊತ್ತು ಎಳೆದಿಟ್ಟಷ್ಟೂ ಒಳ್ಳೆಯದು ಎಂದು ಹಲವರು ನಂಬಿದ್ದಾರೆ. ಇದು ತಪ್ಪು. ಯಾಕೆ ಎಂದು ತಿಳಿಯಲು ಕಾರ್ಬೊರೇಟರ್‌ಗೆ ಇಂದಿನ ರೂಪ ಕೊಟ್ಟವರಲ್ಲಿ ಒಬ್ಬನಾದ ವಿಲ್ಹೆಲ್ಮ್ ಮೇಬ್ಯಾಕ್‌ನ ಕಥೆ ನೋಡೋಣ.

ಮೇಬ್ಯಾಕ್ ಹುಟ್ಟಿದ್ದು 1846ರಲ್ಲಿ, ಜರ್ಮನಿಯ ಹೈಲ್‌ಬ್ರಾನ್‌ನಲ್ಲಿ. ತಂದೆ ಬಡಗಿ. ಹತ್ತು ವರ್ಷ ತುಂಬುವಷ್ಟರಲ್ಲಿ ತಂದೆ ತಾಯಿ ಇಬ್ಬರೂ ಇರಲಿಲ್ಲ. ರಾಯ್ಟ್ಲಿಂಗನ್ ಊರಿನ ಅನಾಥಾಶ್ರಮ ಅವನನ್ನು ಸಾಕಿತು, ನಕ್ಷೆ ಬಿಡಿಸುವುದನ್ನು ಕಲಿಸಿತು. ಅಲ್ಲಿನ ಯಂತ್ರಾಗಾರದಲ್ಲೇ ಗಾಟ್‌ಲೀಬ್ ಡೈಮ್ಲರ್ ಪರಿಚಯವಾಯಿತು. ಮುಂದೆ ಡೈಮ್ಲರ್ ಹೋದಲ್ಲೆಲ್ಲ ಮೇಬ್ಯಾಕ್ ಜೊತೆಗಿದ್ದ.

1882ರಲ್ಲಿ ಇಬ್ಬರೂ ಕಾನ್‌ಸ್ಟಾಟ್‌ಗೆ ಬಂದು, ಡೈಮ್ಲರ್ ಮನೆಯ ತೋಟದಲ್ಲಿ ಪ್ರಯೋಗ ಶುರು ಮಾಡಿದರು. 1885ರಲ್ಲಿ ಅವರ ಪುಟ್ಟ ಪೆಟ್ರೋಲ್ ಎಂಜಿನ್ ಮರದ ದ್ವಿಚಕ್ರ ವಾಹನವನ್ನು ಓಡಿಸಿತು. ಆದರೆ ಆಗಿನ ಕಾರ್ಬೊರೇಟರ್ ಪೆಟ್ರೋಲಿನಿಂದ ಏಳುವ ಆವಿಯನ್ನೇ ನಂಬಿತ್ತು. ಹವೆ ತಣ್ಣಗಾದರೆ ಆವಿ ಕಡಿಮೆ, ಬಿಸಿಯಾದರೆ ಹೆಚ್ಚು. ಮಿಶ್ರಣ ಹದದಲ್ಲಿ ನಿಲ್ಲುತ್ತಿರಲಿಲ್ಲ.

1893ರಲ್ಲಿ ಮೇಬ್ಯಾಕ್ ಹೊಸ ದಾರಿ ಹಿಡಿದ. ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಸಣ್ಣ ಮೂತಿಯಿಂದ ಪೆಟ್ರೋಲನ್ನು ಹೀರಿ ತುಂತುರು ಮಾಡುವಂತೆ ರಚಿಸಿದ. ಅದೇ ವರ್ಷ ಹಂಗೆರಿಯಲ್ಲಿ ಬಾಂಕಿ ಮತ್ತು ಚೋಂಕಾ ಕೂಡ ಇದೇ ತತ್ವದ ಪೇಟೆಂಟ್ ಪಡೆದಿದ್ದರು. 1901ರಲ್ಲಿ ಮೇಬ್ಯಾಕ್ ವಿನ್ಯಾಸದ ಮರ್ಸಿಡಿಸ್ ಕಾರು ರೇಸುಗಳಲ್ಲಿ ಗೆದ್ದು ಹೆಸರು ಮಾಡಿತು. ಡೈಮ್ಲರ್ ತೀರಿಕೊಂಡ ಮೇಲೆ ಕಂಪನಿಯಲ್ಲಿ ಮೇಬ್ಯಾಕ್‌ಗೆ ಬೆಲೆ ಕಡಿಮೆಯಾಯಿತು. 1907ರಲ್ಲಿ ಹೊರಬಂದ. 1929ರಲ್ಲಿ ನಿಧನನಾದ.

ಹಾಗಾದರೆ ಚೋಕ್ ಮಾಡುವುದೇನು? ತೂಕದ ಲೆಕ್ಕದಲ್ಲಿ 1 ಪಾಲು ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 15 ಪಾಲು ಗಾಳಿ ಬೇಕು. ಎಂಜಿನ್ ತಣ್ಣಗಿದ್ದಾಗ ತುಂತುರು ಸರಿಯಾಗಿ ಆವಿಯಾಗದೆ ಗೋಡೆಗೆ ಅಂಟುತ್ತದೆ. ಚೋಕ್ ಎಂಬ ತಗಡಿನ ಬಾಗಿಲು ಗಾಳಿಯ ದಾರಿಯನ್ನು ಕಿರಿದು ಮಾಡುತ್ತದೆ. ಆಗ ಹೀರುವ ಬಲ ಹೆಚ್ಚಿ ಪೆಟ್ರೋಲ್ ಜಾಸ್ತಿ ಬರುತ್ತದೆ, ಎಂಜಿನ್ ಹೊತ್ತಿಕೊಳ್ಳುತ್ತದೆ. ಅಷ್ಟೇ.

ಬಿಸಿಯಾದ ಮೇಲೂ ಚೋಕ್ ಹಾಗೇ ಬಿಟ್ಟರೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಹಿಡಿಯುತ್ತದೆ, ಉರಿಯದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಸವೆತ ಹೆಚ್ಚಿಸುತ್ತದೆ. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವೂ ಏರುತ್ತದೆ. ಅದಕ್ಕೆ ವಾಸನೆಯಿಲ್ಲ. ಮುಚ್ಚಿದ ಶೆಡ್‌ನಲ್ಲಿ ಎಂಜಿನ್ ಓಡಿಸಿದರೆ ಪ್ರಾಣಕ್ಕೇ ಅಪಾಯ.

ಹಳೆಯ ಕಾರಿಗೆ ಯಾವ ಚೋಕ್ ಒಳ್ಳೆಯದು? ಕೈಯಿಂದ ಎಳೆಯುವ ಚೋಕ್ ಸರಳ, ರಿಪೇರಿ ಸುಲಭ. ಆದರೆ ವಾಪಸ್ ತಳ್ಳಲು ನೆನಪಿರಬೇಕು. ಆಟೋಮ್ಯಾಟಿಕ್ ಚೋಕ್‌ನಲ್ಲಿ ಶಾಖಕ್ಕೆ ಬಾಗುವ ಲೋಹದ ಸುರುಳಿ ತಾನೇ ಬಾಗಿಲು ತೆರೆಯುತ್ತದೆ. ಅದು ಸಿಕ್ಕಿಹಾಕಿಕೊಂಡರೆ ಬೇಗ ಗೊತ್ತಾಗುವುದಿಲ್ಲ. ಮನೆಯಲ್ಲಿ ಹಲವರು ಓಡಿಸುವ ಕಾರಾದರೆ ಆಟೋಮ್ಯಾಟಿಕ್, ಒಬ್ಬರೇ ಗಮನವಿಟ್ಟು ಓಡಿಸುವುದಾದರೆ ಕೈ ಚೋಕ್ ಸಾಕು. ಯಾವುದೇ ಇರಲಿ, ಎಂಜಿನ್ ಚೋಕ್ ಇಲ್ಲದೆ ಸರಾಗವಾಗಿ ಓಡತೊಡಗಿದ ಕೂಡಲೇ ಅದರ ಕೆಲಸ ಮುಗಿಯಿತು.