ಶ್ರೀಮತಿ ದೇವಿಕಾರಾಣಿಯವರ ಪರದೇಶ ವಿದ್ಯೆ

ನಮ್ಮ ಪಟ್ಟಣಗಳ ವಿದ್ಯಾವಂತ ಕುಟುಂಬಗಳಲ್ಲಿ ಮಕ್ಕಳನ್ನು ವಿದ್ಯಾಭ್ಯಾಸಾರ್ಥವಾಗಿ ಪರದೇಶಕ್ಕೆ ಕಳುಹಿಸುವುದು ಈಗ ಅಪೂರ್ವ ಸಂಗತಿಯಲ್ಲ. ವೈದ್ಯವನ್ನೋ ಯಂತ್ರಶಾಸ್ತ್ರವನ್ನೋ ಕಲಿಯಹೋಗುವವನಿಗೆ ತಂದೆತಾಯಿಗಳು ಹೊಲಮನೆಗಳನ್ನು ಒತ್ತೆಯಿಟ್ಟಾದರೂ ಹಣವನ್ನು ಒದಗಿಸುವರು. ಆದರೆ ಅದೇ ಮನೆಯ ಹುಡುಗನೋ ಹುಡುಗಿಯೋ ಚಲಚ್ಚಿತ್ರದ ಅಭಿನಯವನ್ನು ಕಲಿಯಲು ಹೊರದೇಶದ ಕಾಲೇಜಿಗೆ ಹೋಗುವೆನೆಂದರೆ ಮನೆಯೆಲ್ಲ ಮೌನವಾಗುತ್ತದೆ. ಅಭಿನಯವೆಂಬುದು ಕಲಿಸಿದರೆ ಬರತಕ್ಕ ವಿದ್ಯೆಯೆ? ಬಂದರೂ, ಅನ್ಯಭಾಷೆಯಲ್ಲಿ ಅನ್ಯಜನರ ನಡುವೆ ಕಲಿತುದು ನಮ್ಮ ಜನಕ್ಕೆ ಉಪಯೋಗವಾದೀತೆ? ಇಷ್ಟು ದ್ರವ್ಯವನ್ನು ವೆಚ್ಚಮಾಡಿ ಕಲಿತವರು ಹಿಂದಿರುಗಿ ಬರುವರೆ? ಈ ಮೂರು ಪ್ರಶ್ನೆಗಳೂ ನ್ಯಾಯವಾದವೇ ಸರಿ. ಇವಕ್ಕೆ ಬರಿಯ ತರ್ಕದಿಂದ ಸಮಾಧಾನ ಹೇಳುವುದಕ್ಕಿಂತ, ಈ ಹಾದಿಯನ್ನು ಮೊದಲು ತುಳಿದವರೊಬ್ಬರ ಜೀವಿತವನ್ನು ವಾಚಕರ ಮುಂದಿಡುವುದು ಲೇಸೆಂದು ನಾವು ಭಾವಿಸುತ್ತೇವೆ. ಅವರು ತಮ್ಮ ಬಾಳಿನ ಕಡೆಯ ಭಾಗವನ್ನು ನಮ್ಮ ಬೆಂಗಳೂರಿನ ಮಗ್ಗುಲಲ್ಲಿಯೇ ಕಳೆದವರಾದುದರಿಂದ ಅವರ ವಿಚಾರವಾಗಿ ನಮಗೆ ಇನ್ನಷ್ಟು ಬಾಧ್ಯತೆಯುಂಟು.

ಶ್ರೀಮತಿ ದೇವಿಕಾರಾಣಿಯವರು 1908ನೆಯ ಇಸವಿ ಮಾರ್ಚಿ 30ರಂದು ವಿಶಾಖಪಟ್ಟಣದ ಬಳಿಯ ವಾಲ್ಟೇರಿನಲ್ಲಿ ಜನಿಸಿದರು. ತಂದೆ ಕರ್ನಲ್ ಮನ್ಮಥನಾಥ ಚೌಧುರಿಯವರು ವಂಗದೇಶದ ಜಮೀನುದಾರ ಮನೆತನದವರು. ಮದರಾಸು ಪ್ರಾಂತ್ಯದ ಸರ್ಜನ್ ಜನರಲ್ ಪದವಿಗೇರಿದ ಭಾರತೀಯರಲ್ಲಿ ಮೊದಲಿಗರು. ರವೀಂದ್ರನಾಥ ಠಾಕೂರರ ವಂಶಕ್ಕೂ ಈ ಮನೆತನಕ್ಕೂ ಬಂಧುತ್ವವಿತ್ತು. ಒಂಬತ್ತನೆಯ ವಯಸ್ಸಿನಲ್ಲಿಯೇ ಬಾಲಿಕೆಯನ್ನು ಇಂಗ್ಲೆಂಡಿನ ವಸತಿಶಾಲೆಗೆ ಕಳುಹಿಸಿಬಿಟ್ಟರು. ಮಾತೃಭಾಷೆ ನಾಲಗೆಯ ಮೇಲೆ ಗಟ್ಟಿಯಾಗುವ ಮುನ್ನವೇ ಮನೆಯನ್ನು ಬಿಟ್ಟ ಆ ಬಾಲಿಕೆಯ ಲಾಭವೆಷ್ಟು, ನಷ್ಟವೆಷ್ಟು ಎಂಬುದು ಮುಂದಿನ ಕಥೆಯಲ್ಲಿ ತಿಳಿದುಬರುತ್ತದೆ.

ಶಾಲೆಯ ಓದು ಮುಗಿದ ಮೇಲೆ, 1920ರ ದಶಕದ ನಡುವಿನಲ್ಲಿ, ಅವರು ಲಂಡನ್ನಿನ ರಾಯಲ್ ಅಕಾಡೆಮಿ ಆಫ್ ಡ್ರಮಾಟಿಕ್ ಆರ್ಟ್ ಎಂಬ ನಾಟಕ ವಿದ್ಯಾಶಾಲೆಯನ್ನು ಸೇರಿದರು. ಸಂಗೀತದ ರಾಯಲ್ ಅಕಾಡೆಮಿಯಲ್ಲಿಯೂ ಅಭ್ಯಾಸ ಮಾಡಿದರು. ನಾಟಕ ವಿದ್ಯಾಶಾಲೆಯು 1904ರಲ್ಲಿ ಸರ್ ಹರ್ಬರ್ಟ್ ಬೀರ್‌ಬೋಮ್ ಟ್ರೀ ಎಂಬ ಪ್ರಸಿದ್ಧ ನಟರಿಂದ ಸ್ಥಾಪಿತವಾಗಿ, 1920ರಲ್ಲಿ ರಾಜಸನ್ನದನ್ನು ಪಡೆದಿತ್ತು. ಅಲ್ಲಿ ಕಲಿಸುತ್ತಿದ್ದುದು ರಂಗಭೂಮಿಯ ವಿದ್ಯೆ. ಚಲಚ್ಚಿತ್ರಕ್ಕೆ ಆಗ ಬಾಯಿ ಬಂದಿರಲಿಲ್ಲ. ಅಮೆರಿಕದಲ್ಲಿ ವಾಕ್ಚಿತ್ರವು ಜನಪ್ರಿಯವಾದುದು 1927ರಿಂದ ಈಚೆಗೆ. ಆದುದರಿಂದ ತೆರೆಯ ಅಭಿನಯವನ್ನು ಕಲಿಸುವ ಶಾಲೆಯೊಂದನ್ನು ಲಂಡನ್ನಿನಲ್ಲಿ ಹುಡುಕಿಕೊಂಡು ಹೋಗಿದ್ದರೂ ಅವರಿಗೆ ಅದು ದೊರೆಯುವುದು ದುರ್ಲಭವಾಗಿತ್ತು. ಅಷ್ಟಾದರೂ, ಉಸಿರನ್ನು ಹಿಡಿದು ಬಿಡುವ ಕ್ರಮ, ಮಾತಿನ ಸ್ಫುಟತೆ, ನಿಲ್ಲುವ ಮತ್ತು ನಡೆಯುವ ರೀತಿ ಎಂಬಿವು ಯಾವ ನಟನಿಗೂ ತಪ್ಪದ ಬುನಾದಿ. ನಾಟಕ, ಸಂಗೀತಗಳ ಜೊತೆಗೆ ಅವರು ವಸ್ತ್ರಗಳ ಮೇಲಿನ ಚಿತ್ತಾರದ ವಿನ್ಯಾಸವನ್ನೂ ಕಲಿತು, ಅದನ್ನೇ ಜೀವನೋಪಾಯವಾಗಿಯೂ ಕೈಗೊಂಡರು. ಒಂದೇ ವಿದ್ಯೆಯನ್ನು ನೆಚ್ಚಿ ಕುಳಿತುಕೊಳ್ಳದ ಈ ಎಚ್ಚರವು ಪರದೇಶದಲ್ಲಿ ಓದುವ ವಿದ್ಯಾರ್ಥಿಗಳೆಲ್ಲರೂ ಗಮನಿಸತಕ್ಕುದು.

1928ರಲ್ಲಿ ಅವರಿಗೆ ಶ್ರೀ ಹಿಮಾಂಶು ರಾಯ್ ಅವರ ಪರಿಚಯವಾಯಿತು. ರಾಯ್ ಅವರೂ ನ್ಯಾಯಶಾಸ್ತ್ರವನ್ನು ಓದಲು ಲಂಡನ್ನಿಗೆ ಹೋಗಿ ನಾಟಕರಂಗಕ್ಕೆ ತಿರುಗಿದವರೇ. ಮ್ಯೂನಿಕ್ ನಗರದ ಚಿತ್ರಸಂಸ್ಥೆಯೊಂದಿಗೆ ಕೂಡಿ 1925ರಲ್ಲಿ ಬುದ್ಧನ ಚರಿತ್ರೆಯನ್ನು ತೆರೆಗೆ ತಂದು, ತಾವೇ ಬುದ್ಧನ ಪಾತ್ರವನ್ನು ವಹಿಸಿ ಯೂರೋಪಿನಲ್ಲಿ ಹೆಸರಾಗಿದ್ದರು. ಅವರ ಮೂರನೆಯ ಚಿತ್ರವಾದ ‘ಪ್ರಪಂಚ ಪಾಶ’ಕ್ಕೆ ದೇವಿಕಾರಾಣಿಯವರು ಉಡುಗೆತೊಡುಗೆಗಳ ಮತ್ತು ದೃಶ್ಯಸಜ್ಜಿಕೆಯ ಕೆಲಸದಲ್ಲಿ ನೆರವಾದರು. 1929ರಲ್ಲಿ ಅವರಿಬ್ಬರ ವಿವಾಹವಾಯಿತು. ಚಿತ್ರರಂಗವನ್ನು ಅವರು ಪ್ರವೇಶಿಸಿದುದು ನಟಿಯಾಗಿ ಅಲ್ಲ, ತೆರೆಯ ಹಿಂದೆ ಕೆಲಸ ಮಾಡುವವರಾಗಿ ಎಂಬುದನ್ನು ಮರೆಯಲಾಗದು.

ಬಳಿಕ ದಂಪತಿಗಳು ಜರ್ಮನಿಗೆ ಹೋದರು. ಬರ್ಲಿನ್ ನಗರದ ಸಮೀಪದ ಬಾಬೆಲ್ಸ್‌ಬರ್ಗಿನಲ್ಲಿದ್ದ ಊಫಾ ಸಂಸ್ಥೆಯ ಚಿತ್ರಶಾಲೆಗಳು ಆ ಕಾಲಕ್ಕೆ ಯೂರೋಪಿನಲ್ಲಿಯೇ ಅಗ್ರಗಣ್ಯವಾದವು. ದೇವಿಕಾರಾಣಿಯವರ ನಿಜವಾದ ಕಾಲೇಜು ಇದೇ ಎಂದು ನಾವು ಹೇಳಬಯಸುತ್ತೇವೆ. ಅಲ್ಲಿ ಅವರು ಮುಖವರ್ಣಿಕೆ, ವೇಷಭೂಷಣ, ದೃಶ್ಯನಿರ್ಮಾಣ ಮೊದಲಾದ ಶಾಖೆಗಳಲ್ಲಿ ಶಿಷ್ಯವೃತ್ತಿಯನ್ನು ಮಾಡಿ, ಅಭಿನಯದ ಶಿಕ್ಷಣವನ್ನೂ ಪಡೆದರು. ಫ್ರಿಟ್ಸ್ ಲ್ಯಾಂಗ್, ಪಾಬ್ಸ್ಟ್ ಮೊದಲಾದ ನಿರ್ದೇಶಕರು ಜರ್ಮನ್ ಚಿತ್ರಕಲೆಯನ್ನು ಬೆಳಗುತ್ತಿದ್ದ ದಿನಗಳವು. ಮಾರ್ಲೀನ್ ಡೀಟ್ರಿಚ್ ಅವರನ್ನು ಜಗತ್ಪ್ರಸಿದ್ಧೆಯನ್ನಾಗಿ ಮಾಡಿದ ‘ದಿ ಬ್ಲೂ ಏಂಜೆಲ್’ ಚಿತ್ರವು ಆ ಚಿತ್ರಶಾಲೆಯಲ್ಲಿಯೇ ಸಿದ್ಧವಾಗಿ 1930ರಲ್ಲಿ ಹೊರಬಂದಿತು. ಜರ್ಮನ್ ಮತ್ತು ಇಂಗ್ಲಿಷ್ ಭಾಷೆಗಳೆರಡರಲ್ಲಿಯೂ ಅದನ್ನು ಒಟ್ಟಿಗೆ ತೆಗೆಯಲಾಯಿತು.

ರಂಗಭೂಮಿಯ ನಟನಿಗೂ ತೆರೆಯ ನಟನಿಗೂ ಇರುವ ಭೇದವನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳುವುದು ಅಪ್ರಕೃತವಾಗಲಾರದು. ರಂಗದ ಮೇಲಿನ ನಟನು ಹಿಂದಿನ ಸಾಲಿನ ಪ್ರೇಕ್ಷಕನಿಗೂ ಮುಟ್ಟುವಂತೆ ದನಿಯನ್ನೂ ಭಾವವನ್ನೂ ಹಿಗ್ಗಿಸಬೇಕು. ತೆರೆಯ ನಟನ ಮುಖವಾದರೋ ಗಜದಗಲ ಬೆಳೆದು ಪ್ರೇಕ್ಷಕನ ಕಣ್ಣೆದುರು ನಿಲ್ಲುವುದರಿಂದ, ಹುಬ್ಬಿನ ಒಂದು ಸಣ್ಣ ಚಲನೆಯೂ ಅತಿಯಾಗಬಲ್ಲುದು. ರಂಗದ ಮೇಲೆ ಕಥೆಯು ಮೊದಲಿನಿಂದ ಕೊನೆಯವರೆಗೆ ಒಂದೇ ಧಾರೆಯಾಗಿ ಹರಿಯುತ್ತದೆ. ಚಿತ್ರಶಾಲೆಯಲ್ಲಿ ಮರಣದ ದೃಶ್ಯವನ್ನು ಇಂದು ತೆಗೆದು ಮದುವೆಯ ದೃಶ್ಯವನ್ನು ಮುಂದಿನ ವಾರ ತೆಗೆಯುವುದುಂಟು. ದೀಪ, ಯಂತ್ರ, ನೆಲದ ಮೇಲಿನ ಗುರುತು ಇವುಗಳ ಅಂಕೆಯೊಳಗಿದ್ದೂ ಸಹಜವಾಗಿ ತೋರಬೇಕು. ಇದು ಕೇವಲ ಹುಟ್ಟುಗುಣದಿಂದ ಬರತಕ್ಕುದಲ್ಲ. ಬಲ್ಲವರ ಕೈಕೆಳಗೆ ದುಡಿದು ಕಲಿಯತಕ್ಕುದು.

ಈ ಶಿಕ್ಷಣದ ಮೊದಲ ಫಲವು ‘ಕರ್ಮ’ವೆಂಬ ವಾಕ್ಚಿತ್ರ. ಇಂಗ್ಲಿಷ್ ಮತ್ತು ಹಿಂದಿ ಎರಡರಲ್ಲಿಯೂ ಸಿದ್ಧವಾದ ಇದು 1933ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿತವಾಯಿತು. ಅಲ್ಲಿನ ಪತ್ರಿಕೆಗಳು ದೇವಿಕಾರಾಣಿಯವರ ರೂಪವನ್ನೂ, ಅದಕ್ಕಿಂತ ಮಿಗಿಲಾಗಿ ಅವರ ಇಂಗ್ಲಿಷ್ ಉಚ್ಚಾರಣೆಯನ್ನೂ ಮುಕ್ತಕಂಠದಿಂದ ಹೊಗಳಿದುವು. ಆದರೆ ಅದೇ ಚಿತ್ರವು ಭಾರತದಲ್ಲಿ ನಿಲ್ಲಲಿಲ್ಲ. ಪರದೇಶದ ವಿದ್ಯೆಯ ಬಲವೂ ದೌರ್ಬಲ್ಯವೂ ಈ ಒಂದು ಪ್ರಸಂಗದಲ್ಲಿ ಸ್ಪಷ್ಟವಾಗುತ್ತವೆ. ಲಂಡನ್ನಿನ ಸಭ್ಯರು ಮೆಚ್ಚಿದ ನಾಲಗೆಯಿಂದ ನಮ್ಮ ಹಳ್ಳಿಗಳ ಹೃದಯವನ್ನು ಮುಟ್ಟುವುದು ಸಾಧ್ಯವಾಗಲಿಲ್ಲ. ಇಂತಹ ಸ್ಥಿತಿಯಲ್ಲಿ ಅನೇಕರು ಹೊಗಳಿದ ಊರಿನಲ್ಲಿಯೇ ನಿಂತುಬಿಡುತ್ತಾರೆ. ದೇವಿಕಾರಾಣಿಯವರಾದರೋ ಸೋಲು ಕಂಡ ದೇಶಕ್ಕೇ ಹಿಂದಿರುಗಿ ಬಂದರು. ಅವರ ಜೀವಿತದಲ್ಲಿ ನಮಗೆ ಅತ್ಯಂತ ಆದರಣೀಯವಾಗಿ ತೋರುವ ನಿರ್ಧಾರವಿದು.

1934ರಲ್ಲಿ ದಂಪತಿಗಳು ಮುಂಬಯಿಯ ಮಲಾಡಿನಲ್ಲಿ ಬಾಂಬೆ ಟಾಕೀಸ್ ಸಂಸ್ಥೆಯನ್ನು ಸ್ಥಾಪಿಸಿದರು. ನಮ್ಮ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡುದೂ ಇದೇ ವರ್ಷ. ಅದನ್ನು ಕೊಲ್ಲಾಪುರಕ್ಕೆ ಹೋಗಿ ತೆಗೆಯಬೇಕಾಯಿತೆಂಬುದನ್ನು ನೆನೆದರೆ, ಸುಸಜ್ಜಿತವಾದ ಚಿತ್ರಶಾಲೆಯೊಂದರ ಬೆಲೆ ಏನೆಂಬುದು ಗೊತ್ತಾಗುತ್ತದೆ. ಬಾಂಬೆ ಟಾಕೀಸು ಪಾಲುಬಂಡವಾಳದ ಸಾರ್ವಜನಿಕ ಕಂಪೆನಿಯಾಗಿ ಏರ್ಪಟ್ಟಿತು. ನಿರ್ದೇಶನಕ್ಕೆ ಫ್ರಾಂಜ್ ಆಸ್ಟೆನ್, ಛಾಯಾಗ್ರಹಣಕ್ಕೆ ಜೋಸೆಫ್ ವಿರ್ಷಿಂಗ್ ಮೊದಲಾದ ಜರ್ಮನ್ ತಜ್ಞರು ಬಂದರು. ತಾವು ಪರದೇಶಕ್ಕೆ ಹೋಗಿ ಕಲಿತುದನ್ನು ನಮ್ಮ ತರುಣರು ಮನೆಯಲ್ಲಿಯೇ ಕಲಿಯಲೆಂದು ಪರದೇಶದ ಗುರುಗಳನ್ನೇ ಇಲ್ಲಿಗೆ ಕರೆತಂದಂತಾಯಿತು. ಸಂಗೀತ ನಿರ್ದೇಶನವು ಸರಸ್ವತೀ ದೇವಿಯೆಂದು ಹೆಸರಾದ ಪಾರ್ಸಿ ಮಹಿಳೆಗೆ ಒಪ್ಪಿಸಲ್ಪಟ್ಟಿತು. ಪ್ರಯೋಗಶಾಲೆಯಲ್ಲಿ ಸಹಾಯಕರಾಗಿದ್ದ ತರುಣರೊಬ್ಬರು ಕ್ಯಾಮೆರಾದ ಮುಂದೆ ಬಂದು ಅಶೋಕ್ ಕುಮಾರ್ ಎಂದು ದೇಶಪ್ರಸಿದ್ಧರಾದರು.

1936ರ ‘ಅಛೂತ್ ಕನ್ಯಾ’ ಚಿತ್ರವು ಇವರ ಕೀರ್ತಿಶಿಖರ. ರೈಲ್ವೆ ಗೇಟು ಕಾಯುವವನ ಮಗಳಾದ ಅಸ್ಪೃಶ್ಯ ಬಾಲಿಕೆಗೂ ಬ್ರಾಹ್ಮಣ ತರುಣನಿಗೂ ಬೆಳೆದ ಅನುರಾಗವು ಊರಿನ ಕಟ್ಟುಪಾಡಿಗೆ ಸಿಕ್ಕಿ ನಾಶವಾಗುವುದೇ ಕಥೆ. ಅಸ್ಪೃಶ್ಯತೆಯ ನಿವಾರಣೆಗಾಗಿ ಮಹಾತ್ಮರು ದೇಶವನ್ನೆಲ್ಲ ಸಂಚರಿಸಿ ಹೆಚ್ಚು ಕಾಲವಾಗಿರಲಿಲ್ಲ. ದೇಗುಲಗಳ ಬಾಗಿಲನ್ನು ಎಲ್ಲ ಹಿಂದುಗಳಿಗೂ ತೆರೆಯುವ ತಿರುವಾಂಕೂರಿನ ಘೋಷಣೆ ಅದೇ ವರ್ಷ ಹೊರಟಿತು. ಇಂತಹ ಕಾಲದಲ್ಲಿ ಈ ವಿಷಯವನ್ನು ಎತ್ತಿಕೊಂಡುದು ಧೈರ್ಯದ ಕೆಲಸ. ವಿಲಾಯಿತಿಯಲ್ಲಿ ಬೆಳೆದ ಸಿರಿವಂತ ಮನೆಯ ಹೆಣ್ಣುಮಗಳು ಗೇಟು ಕಾಯುವವನ ಮಗಳಾದಾಗ ನಯವು ಅತಿಯಾಯಿತು, ಹುಬ್ಬು ತಿದ್ದಿದ ಮುಖ ಹಳ್ಳಿಯದಾಗಲಿಲ್ಲ ಎಂಬ ಆಕ್ಷೇಪಣೆ ಉಂಟು. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾವು ವಾದಿಸುವುದಿಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಕಳೆದುಕೊಂಡುದನ್ನು ಯಾವ ಅಕಾಡೆಮಿಯೂ ಮರಳಿ ಕೊಡಲಾರದು. ಆದರೆ ವಿದೇಶೀ ಭಾಷೆಯಲ್ಲಿ ಹೊಗಳಿಸಿಕೊಂಡ ನಟಿಯು ಆರಂಭದ ವಿದ್ಯಾರ್ಥಿನಿಯಂತೆ ಹಿಂದಿಯಲ್ಲಿ ನುಡಿದು ಹಾಡಿ ಜನರ ಮನಸ್ಸನ್ನು ಗೆದ್ದುದು ಸಾಮಾನ್ಯ ಸಾಧನೆಯಲ್ಲ.

ದಂಪತಿಗಳ ಗೃಹಜೀವನವು ಸದಾ ಸುಗಮವಾಗಿರಲಿಲ್ಲವೆಂಬುದು ಲೋಕಕ್ಕೆ ತಿಳಿದ ವಿಷಯ. ಅದನ್ನು ಇಲ್ಲಿ ಕೆದಕುವುದು ನಮ್ಮ ಉದ್ದೇಶವಲ್ಲ. ಸಂಸ್ಥೆಗೆ ನಿಜವಾದ ಪರೀಕ್ಷೆ ಬಂದುದು 1939ರಲ್ಲಿ. ಮಹಾಯುದ್ಧವು ಆರಂಭವಾದೊಡನೆಯೇ ಬ್ರಿಟಿಷ್ ಸರ್ಕಾರವು ಜರ್ಮನ್ ತಜ್ಞರನ್ನು ಬಂಧನದಲ್ಲಿಟ್ಟಿತು. 1940ರ ಮೇ ತಿಂಗಳಲ್ಲಿ ಹಿಮಾಂಶು ರಾಯ್ ಅವರು ಕಾಲವಾದರು. ಗುರುಗಳೂ ಇಲ್ಲ, ಯಜಮಾನರೂ ಇಲ್ಲ. ಮೂವತ್ತೆರಡು ವರ್ಷದ ವಿಧವೆ ಚಿತ್ರನಿರ್ಮಾಣದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಇಲ್ಲಿಯವರೆಗೆ ಕಲಿತುದು ನಮ್ಮವರ ಕೈಗೆ ಹತ್ತಿದೆಯೆ, ಇಲ್ಲವೆ? ಈ ಪ್ರಶ್ನೆಗೆ 1943ರಲ್ಲಿ ಹೊರಬಂದ ‘ಕಿಸ್ಮತ್’ ಉತ್ತರವಿತ್ತಿತು. ಬಾಂಬೆ ಟಾಕೀಸಿನಲ್ಲಿ ಪಳಗಿದ ಭಾರತೀಯರೇ ಸಿದ್ಧಪಡಿಸಿದ ಈ ಚಿತ್ರವು ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕು ನಡೆಯಿತು. ಮುಂದೆ ಒಳಜಗಳದಿಂದ ಸಂಸ್ಥೆಯೊಡೆದು ಹಲವರು ಹೊರಟುಹೋದರೂ ಅವರು ಹೊಸಬರನ್ನು ಆರಿಸುವುದನ್ನು ನಿಲ್ಲಿಸಲಿಲ್ಲ. ಅವರು ಆರಿಸಿದ ಯೂಸುಫ್ ಖಾನ್ ಎಂಬ ತರುಣರೇ 1944ರ ‘ಜ್ವಾರ್ ಭಾಟಾ’ದಲ್ಲಿ ದಿಲೀಪ್ ಕುಮಾರ್ ಎಂಬ ಹೆಸರಿನಿಂದ ತೆರೆಗೆ ಬಂದವರು.

1945ರಲ್ಲಿ ದೇವಿಕಾರಾಣಿಯವರು ಚಿತ್ರರಂಗವನ್ನು ಬಿಟ್ಟು, ರಷ್ಯದ ಚಿತ್ರಕಾರರಾದ ಸ್ವೆತೊಸ್ಲಾವ್ ರೋರಿಕ್ ಅವರನ್ನು ವರಿಸಿದರು. ಕೆಲವು ಕಾಲ ಕುಲು ಕಣಿವೆಯಲ್ಲಿದ್ದು, ಬಳಿಕ ಬೆಂಗಳೂರಿನಿಂದ ಕನಕಪುರಕ್ಕೆ ಹೋಗುವ ದಾರಿಯಲ್ಲಿರುವ ತಾತಗುಣಿಯ ತೋಟದಲ್ಲಿ ದಂಪತಿಗಳು ನೆಲೆಸಿದರು. ಸುಗಂಧ ತೈಲವನ್ನು ಕೊಡುವ ಲಿನಾಲೋ ಮರಗಳನ್ನು ಅಲ್ಲಿ ಬೆಳೆಸಿದರು. 1958ರಲ್ಲಿ ಪದ್ಮಶ್ರೀ ಪ್ರಶಸ್ತಿಯೂ, 1969ನೆಯ ಸಾಲಿಗೆ ಮೊಟ್ಟಮೊದಲ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯೂ ಅವರಿಗೆ ಸಂದುವು. ರೋರಿಕ್ ಅವರು 1993ರ ಜನವರಿಯಲ್ಲಿ ತೀರಿಕೊಂಡರು; ಮರುವರ್ಷ ಮಾರ್ಚಿ 9ರಂದು ದೇವಿಕಾರಾಣಿಯವರು ಬೆಂಗಳೂರಿನಲ್ಲಿ ದಿವಂಗತರಾದರು. ನಾನೂರು ಎಕರೆಗೂ ಮಿಕ್ಕ ಆ ತೋಟವನ್ನು ಸ್ವಾಧೀನಪಡಿಸಿಕೊಳ್ಳಲು ಕರ್ನಾಟಕ ಸರ್ಕಾರವು 1996ರಲ್ಲಿ ಪ್ರತ್ಯೇಕವಾದ ಶಾಸನವನ್ನೇ ಮಾಡಬೇಕಾಯಿತು. ಮೊಕದ್ದಮೆಯು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ 2011ರಲ್ಲಿ ಶಾಸನವು ಎತ್ತಿಹಿಡಿಯಲ್ಪಟ್ಟಿತು. ಕಲಾವಿದರ ಆಸ್ತಿಗೆ ವರ್ಷಗಟ್ಟಲೆ ನ್ಯಾಯಾಲಯದ ಬಾಗಿಲು ಕಾಯುವ ಗತಿ ಬಾರದಂತೆ ನೋಡಿಕೊಳ್ಳುವುದು ಅಧಿಕಾರಿವರ್ಗದ ಹೊಣೆ.

ಈಗ ಮೊದಲಿನ ಪ್ರಶ್ನೆಗಳಿಗೆ ಬರೋಣ. ಅಭಿನಯವನ್ನು ಕಲಿಸಬಹುದು, ಆದರೆ ಪಾಠಶಾಲೆಯೊಂದೇ ಸಾಲದು, ಕೆಲಸದ ಮನೆಯೂ ಬೇಕು. ಪರಭಾಷೆಯಲ್ಲಿ ಕಲಿತುದು ನಮ್ಮ ಜನಕ್ಕೆ ಒದಗುವುದು ಕಲಿತವರು ಸ್ವಭಾಷೆಯಲ್ಲಿ ಮತ್ತೊಮ್ಮೆ ವಿದ್ಯಾರ್ಥಿಗಳಾಗಲು ಒಪ್ಪಿದಾಗ. ಹಿಂದಿರುಗುವರೊ ಇಲ್ಲವೊ ಎಂಬುದು ಅವರವರ ಮನಸ್ಸನ್ನು ಮಾತ್ರ ಹೊಂದಿದುದಲ್ಲ. ಬಂದವರಿಗೆ ಇಲ್ಲಿ ಕೆಲಸದ ನೆಲೆಯಿದೆಯೆ ಎಂಬುದನ್ನೂ ಹೊಂದಿದೆ. 1934ರಲ್ಲಿ ಅಂತಹ ನೆಲೆಯನ್ನು ತಾವೇ ಕಟ್ಟಬೇಕಾಗಿತ್ತು. ಈಗ ಆ ಕೊರತೆ ಅಷ್ಟಿಲ್ಲ. 1959ರಲ್ಲಿ ದೆಹಲಿಯಲ್ಲಿ ರಾಷ್ಟ್ರೀಯ ನಾಟಕಶಾಲೆ, 1960ರಲ್ಲಿ ಪುಣೆಯ ಹಳೆಯ ಪ್ರಭಾತ್ ಚಿತ್ರಶಾಲೆಯ ಆವರಣದಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟು, 1980ರಲ್ಲಿ ನಮ್ಮ ಹೆಗ್ಗೋಡಿನಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಆರಂಭವಾದುವು. ಮೊದಲು ಇಲ್ಲಿ ನಾಲಗೆಯನ್ನೂ ನೆಲವನ್ನೂ ಬಲಪಡಿಸಿಕೊಂಡು ಅನಂತರ ಹೊರಗೆ ಹೋಗುವವರಿಗೆ, ದೇವಿಕಾರಾಣಿಯವರಿಗೆ ಆದ ನಷ್ಟವು ಆಗಬೇಕಾಗಿಲ್ಲ.

ಮಗಳು ಅಭಿನಯ ಕಲಿಯಲು ಹೊರದೇಶಕ್ಕೆ ಹೋಗುವೆನೆಂದಾಗ ಕುಪಿತರಾಗುವ ತಂದೆಗಳಿಗೆ ನಾವು ಹೇಳುವುದಿಷ್ಟೆ. ಯಾವ ಕಾಲೇಜೆಂದು ಕೇಳಿರಿ, ವೆಚ್ಚವೆಷ್ಟೆಂದು ಕೇಳಿರಿ. ಅದರೊಡನೆ ಕೈಯಲ್ಲಿ ಇನ್ನಾವ ಕಸುಬನ್ನು ಹಿಡಿದುಕೊಂಡು ಹೋಗುವೆ, ಬಂದ ಮೇಲೆ ಯಾವ ಭಾಷೆಯಲ್ಲಿ ಯಾರಿಗಾಗಿ ನಟಿಸುವೆ ಎಂದೂ ಕೇಳಿರಿ. ಈ ಎರಡಕ್ಕೆ ತಕ್ಕ ಉತ್ತರವಿದ್ದರೆ ಹರಸಿ ಕಳುಹಿಸುವುದೇ ಧರ್ಮ.