ಲವಾಸಿಯೆಯ ಕಡಿದ ತಲೆ ಕಣ್ಣು ಮಿಟುಕಿಸಿತೇ? ಆಮ್ಲಜನಕದ ವಿಜ್ಞಾನಿಯ ಕೋವಿಮದ್ದಿನ ಕಥೆ

ಈ ಫಾರ್ವರ್ಡ್ ನಿಮಗೂ ಬಂದಿರಬಹುದು. ಫ್ರಾನ್ಸಿನ ರಸಾಯನ ವಿಜ್ಞಾನಿ ಆಂಟ್ವಾನ್ ಲವಾಸಿಯೆಗೆ ಮರಣದಂಡನೆಯಾಯಿತಂತೆ. ತಲೆ ಉರುಳಿದ ಮೇಲೆ ತಾನು ಎಷ್ಟು ಸಲ ಕಣ್ಣು ಮಿಟುಕಿಸುತ್ತೇನೆಂದು ಎಣಿಸಲು ಸಹಾಯಕನಿಗೆ ಹೇಳಿದ್ದನಂತೆ. ಹದಿನೈದೋ ಇಪ್ಪತ್ತೋ ಸಲ ಮಿಟುಕಿಸಿದನಂತೆ.

ಮರಣದಂಡನೆ ನಿಜ, ಕಣ್ಣು ಮಿಟುಕಿಸಿದ್ದು ಕಟ್ಟುಕಥೆ. 1794ರ ಮೇ 8ರಂದು ಪ್ಯಾರಿಸ್‌ನಲ್ಲಿ 28 ಮಂದಿ ತೆರಿಗೆ ಗುತ್ತಿಗೆದಾರರನ್ನು ಸುಮಾರು ಅರ್ಧ ಗಂಟೆಯಲ್ಲಿ ಒಬ್ಬರ ಹಿಂದೊಬ್ಬರಂತೆ ಗಿಲೊಟಿನ್‌ಗೆ ಕೊಟ್ಟರು. ಅವರಲ್ಲಿ ಲವಾಸಿಯೆ ಒಬ್ಬ, ಅವನ ಮಾವ ಇನ್ನೊಬ್ಬ. ಒಬ್ಬೊಬ್ಬರಿಗೆ ಒಂದು ನಿಮಿಷಕ್ಕಿಂತ ತುಸು ಹೆಚ್ಚು ಸಮಯ, ಅಷ್ಟೇ. ಬುಟ್ಟಿಗೆ ಬಿದ್ದ ತಲೆಯ ಹತ್ತಿರ ಕೂತು ಎಣಿಸಲು ಯಾರಿಗೂ ಬಿಡುವಿರಲಿಲ್ಲ. ಅಂದಿನ ಬರಹಗಳಲ್ಲೂ ಇಂಥ ಪ್ರಯೋಗದ ಸುಳಿವಿಲ್ಲ.

ಈ ಫಾರ್ವರ್ಡ್‌ನಲ್ಲಿ ಬಾರದ ಒಂದು ಸಂಗತಿ ಇದೆ. ಆಮ್ಲಜನಕಕ್ಕೆ ಹೆಸರಿಟ್ಟ ಈ ವಿಜ್ಞಾನಿ ವರ್ಷಗಟ್ಟಲೆ ಮಾಡಿದ ಸರ್ಕಾರಿ ಕೆಲಸ ಕೋವಿಮದ್ದಿನದು.

ಅಮೆರಿಕದಲ್ಲಿ ಎಷ್ಟೋ ಬೇಟೆಗಾರರು, ಗುರಿ ಅಭ್ಯಾಸ ಮಾಡುವವರು ಹಾರಿಸಿದ ಖಾಲಿ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳುತ್ತಾರೆ. (ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ವಿಡಿಯೊ ನೋಡಿ ಯಾರೂ ಕೈ ಹಾಕಬೇಡಿ.) ಅವರು ಅಂಗಡಿಯಿಂದ ತಂದ ಮದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ತುಂಬುತ್ತಾರೆ. ಈ ಡಬ್ಬಿಯ ಮದ್ದೂ ಮುಂದಿನ ಡಬ್ಬಿಯ ಮದ್ದೂ ಒಂದೇ ಥರ ಉರಿದರೆ ಮಾತ್ರ ಆ ತೂಕಕ್ಕೆ ಅರ್ಥ. ಲವಾಸಿಯೆಯ ಕಾಲದ ಫ್ರಾನ್ಸಿನಲ್ಲಿ ಆ ಭರವಸೆ ಇರಲಿಲ್ಲ.

ಅವನು ಹುಟ್ಟಿದ್ದು 1743ರಲ್ಲಿ, ಪ್ಯಾರಿಸ್‌ನ ಅನುಕೂಲಸ್ಥರ ಮನೆಯಲ್ಲಿ. ಓದಿದ್ದು ಕಾನೂನು, ಮನಸ್ಸು ವಿಜ್ಞಾನದ ಮೇಲೆ. 1768ರಲ್ಲಿ ರಾಜನ ಪರವಾಗಿ ತೆರಿಗೆ ವಸೂಲಿ ಮಾಡುವ ಗುತ್ತಿಗೆ ಕೂಟದಲ್ಲಿ ಪಾಲು ಕೊಂಡ. ಜನರ ಶಾಪಕ್ಕೆ ಗುರಿಯಾಗಿದ್ದ ಕೂಟ ಅದು. ಅಲ್ಲಿ ಬಂದ ಹಣದಿಂದ ಅತಿ ನಿಖರವಾದ ತಕ್ಕಡಿಗಳನ್ನು ಮಾಡಿಸಿಕೊಂಡ. ಅವನ ವಿಜ್ಞಾನಕ್ಕೂ ಸಾವಿಗೂ ಈ ಹಣವೇ ಕಾರಣವಾಯಿತು ಎಂದರೆ ತಪ್ಪಿಲ್ಲ.

ಇನ್ನು ಮದ್ದಿನ ಸಂಗತಿ. ಹಳೆಯ ಕೋವಿಮದ್ದು ಇದ್ದಿಲು, ಗಂಧಕ, ಪೆಟ್ಲುಪ್ಪುಗಳ ಮಿಶ್ರಣ. ಹೆಚ್ಚಿನ ಪಾಲು ಪೆಟ್ಲುಪ್ಪಿನದೇ. ಆಗ ಜಗತ್ತಿನ ಒಳ್ಳೆಯ ಪೆಟ್ಲುಪ್ಪು ಸಿಗುತ್ತಿದ್ದದ್ದು ನಮ್ಮ ಬಿಹಾರದಲ್ಲಿ. 1756ರಿಂದ 1763ರವರೆಗಿನ ಯುದ್ಧದ ಹೊತ್ತಿಗೆ ಅದು ಬ್ರಿಟಿಷರ ಕೈಸೇರಿ, ಫ್ರಾನ್ಸ್ ಮದ್ದಿಲ್ಲದೆ ಒದ್ದಾಡಿತು. ಊರಲ್ಲೇ ಹುಡುಕೋಣವೆಂದರೆ ಪೆಟ್ಲುಪ್ಪು ಸಿಗುವುದು ದನದ ಕೊಟ್ಟಿಗೆಯ ಮಣ್ಣಿನಲ್ಲಿ, ನೆಲಮಾಳಿಗೆಯಲ್ಲಿ, ಉಪ್ಪು ಕಾರುವ ಹಳೆಯ ಗೋಡೆಗಳಲ್ಲಿ. ಅದನ್ನು ಸಂಗ್ರಹಿಸುವವರಿಗೆ ಯಾರ ಮನೆಗಾದರೂ ನುಗ್ಗಿ ನೆಲ ಅಗೆಯುವ ಅಧಿಕಾರವಿತ್ತು. ಜನ ಹೈರಾಣಾಗಿದ್ದರು.

1775ರಲ್ಲಿ ಮಂತ್ರಿ ತುರ್ಗೊ ಮದ್ದಿನ ಕೆಲಸವನ್ನು ಖಾಸಗಿ ಗುತ್ತಿಗೆಯಿಂದ ಬಿಡಿಸಿ ಸರ್ಕಾರದ ಆಡಳಿತಕ್ಕೆ ತಂದ. ಅದರ ನಾಲ್ವರು ಮುಖ್ಯಸ್ಥರಲ್ಲಿ ಲವಾಸಿಯೆ ಒಬ್ಬ. ಮರುವರ್ಷ ಹೆಂಡತಿ ಮಾರಿ ಆನ್ ಜೊತೆ ಪ್ಯಾರಿಸ್‌ನ ಆಯುಧಾಗಾರದಲ್ಲೇ ಮನೆ ಮಾಡಿದ, ಅಲ್ಲೇ ಪ್ರಯೋಗಾಲಯ ಕಟ್ಟಿದ. ಬೆಳಿಗ್ಗೆ 6ರಿಂದ 9, ಸಂಜೆ 7ರಿಂದ 10 ವಿಜ್ಞಾನಕ್ಕೆ, ನಡುವಿನ ಹೊತ್ತು ಕಚೇರಿಗೆ. ವಾಸದ ಮನೆ ಅಗೆಯುವ ಅಧಿಕಾರಕ್ಕೆ ಕಡಿವಾಣ ಬಿತ್ತು. ಗೊಬ್ಬರದ ಗುಡ್ಡೆಗಳಲ್ಲಿ ಪೆಟ್ಲುಪ್ಪು ಬೆಳೆಸುವ, ಬೂದಿಯ ಪೊಟ್ಯಾಶ್ ಬಳಸಿ ಅದನ್ನು ಶುದ್ಧಗೊಳಿಸುವ ವಿಧಾನಗಳನ್ನು ಹರಡಿದರು. ಕೆಲವೇ ವರ್ಷಗಳಲ್ಲಿ ಫ್ರೆಂಚ್ ಮದ್ದು ಯುರೋಪಿನ ಉತ್ತಮ ಮದ್ದುಗಳಲ್ಲಿ ಒಂದೆನಿಸಿಕೊಂಡಿತು. ಬ್ರಿಟನ್ ವಿರುದ್ಧ ಬಂಡೆದ್ದ ಅಮೆರಿಕನ್ನರ ಬಂದೂಕಿಗೂ ಹೋಯಿತು.

ಗಾಳಿಯಿಲ್ಲದ ಬಂದೂಕಿನ ನಳಿಗೆಯಲ್ಲಿ ಮದ್ದು ಉರಿಯುವುದು ಹೇಗೆ? ಉರಿಯುವುದೆಂದರೆ ಆಮ್ಲಜನಕದ ಜೊತೆ ಸೇರುವುದು ಎಂದು ತೋರಿಸಿಕೊಟ್ಟವನು ಲವಾಸಿಯೆಯೇ. ಪೆಟ್ಲುಪ್ಪಿನಲ್ಲಿ ಆಮ್ಲಜನಕ ತುಂಬಿಕೊಂಡಿದೆ. ಮದ್ದು ತನ್ನ ಗಾಳಿಯನ್ನು ತಾನೇ ಹೊತ್ತು ತಂದಿರುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟರೆ ಮದ್ದು ಹೊತ್ತಿಕೊಳ್ಳುವುದಿಲ್ಲ ಎಂಬ ನಂಬಿಕೆ ಸುಳ್ಳಾಗುವುದೂ ಇದರಿಂದಲೇ.

ಗೊತ್ತಿದ್ದವರಿಗೂ ಮದ್ದು ರಿಯಾಯಿತಿ ತೋರಲಿಲ್ಲ. 1788ರ ಅಕ್ಟೋಬರ್ 27ರಂದು ಎಸ್ಸೋನ್ ಕಾರ್ಖಾನೆಯಲ್ಲಿ ಪೆಟ್ಲುಪ್ಪಿನ ಬದಲು ಪೊಟ್ಯಾಸಿಯಂ ಕ್ಲೋರೇಟ್ ಹಾಕಿ ಮದ್ದು ಅರೆಸುತ್ತಿದ್ದರು. ಆ ರಾಸಾಯನಿಕ ಕಂಡುಹಿಡಿದ ಬೆರ್ತೊಲೆ, ಲವಾಸಿಯೆ, ಮಾರಿ ಆನ್ ಎಲ್ಲರೂ ಬಂದಿದ್ದರು. ಅವರು ತುಸು ದೂರ ಸರಿದಿದ್ದಾಗ ಮದ್ದು ಸಿಡಿಯಿತು. ಹತ್ತಿರವಿದ್ದ ಕಾರ್ಖಾನೆಯ ಅಧಿಕಾರಿಯೂ ಒಬ್ಬ ಯುವತಿಯೂ ಸತ್ತರು. ಕ್ಲೋರೇಟ್ ಮತ್ತು ಗಂಧಕ ಬೆರೆಸಿದ ಪಟಾಕಿ ಭಾರತದಲ್ಲಿ 1992ರಿಂದ ನಿಷಿದ್ಧ. ಸ್ವಲ್ಪ ಉಜ್ಜಿದರೂ ಹೊತ್ತಿಕೊಳ್ಳುವ ಜೋಡಿ ಅದು.

ಮರುವರ್ಷ ಕ್ರಾಂತಿ. ಬಾಸ್ಟೀಲ್ ಕೋಟೆಗೆ ಜನ ನುಗ್ಗಿದ್ದು ಕೈದಿಗಳನ್ನು ಬಿಡಿಸಲು ಎಂದು ನಾವು ಓದಿದ್ದೇವೆ. ಒಳಗಿದ್ದ ಕೈದಿಗಳು 7 ಮಂದಿ. ಜನರಿಗೆ ಮುಖ್ಯವಾಗಿ ಬೇಕಿದ್ದದ್ದು ಆಯುಧಾಗಾರದಿಂದ ಅಲ್ಲಿಗೆ ಆಗತಾನೇ ಸಾಗಿಸಿದ್ದ ಮದ್ದು.

ಮೂರು ವಾರ ಕಳೆಯಿತು. ವ್ಯಾಪಾರಕ್ಕೆಂದು ಮಾಡಿದ್ದ ಕಳಪೆ ಮದ್ದನ್ನು ದೋಣಿಗೆ ತುಂಬಿ ಪ್ಯಾರಿಸ್‌ನಿಂದ ಹೊರಗೆ ಕಳಿಸಿ, ಅದರ ಜಾಗಕ್ಕೆ ಎಸ್ಸೋನ್‌ನ ಒಳ್ಳೆಯ ಮದ್ದು ತರಿಸುವ ಏರ್ಪಾಡಾಗಿತ್ತು. ದೋಣಿ ನೋಡಿದವರು ಯಾರೋ ಮದ್ದು ಶತ್ರುಗಳಿಗೆ ಹೋಗುತ್ತಿದೆ ಅಂದರು. ಫೋನಿಲ್ಲದ ಕಾಲದಲ್ಲೂ ಸುದ್ದಿ ಊರೆಲ್ಲ ಹಬ್ಬಿತು. ಗುಂಪು ಲವಾಸಿಯೆಯ ತಲೆ ಕೇಳಿತು. ಅವನನ್ನು ಪುರಭವನಕ್ಕೆ ಎಳೆತಂದರು. ಅಲ್ಲಿ ದೋಣಿಯ ಲೆಕ್ಕ ವಿವರಿಸಿ ಕೂದಲೆಳೆಯಲ್ಲಿ ಪಾರಾದ.

ನಾಲ್ಕು ವರ್ಷದ ನಂತರ ಪಾರಾಗಲಿಲ್ಲ. ಬಂಧನ 1793ರ ನವೆಂಬರ್‌ನಲ್ಲಿ, ಆರೋಪ ತೆರಿಗೆ ಗುತ್ತಿಗೆಯದು. ಜಪ್ತಿಯಾದ ಆಸ್ತಿ, ಕಾಗದಪತ್ರಗಳನ್ನು ಮಾರಿ ಆನ್ ಹೋರಾಡಿ ವಾಪಸ್ ಪಡೆದಳು.

ಎಸ್ಸೋನ್‌ನಲ್ಲಿ ಲವಾಸಿಯೆಯ ಕೈಕೆಳಗೆ ಕೆಲಸ ಕಲಿತ ಹುಡುಗನೊಬ್ಬನಿದ್ದ, ಎಲ್ಯುಥೇರ್ ಇರೆನೆ ಡ್ಯುಪಾಂಟ್. ಅವನು ಅಮೆರಿಕಕ್ಕೆ ವಲಸೆ ಹೋಗಿ 1802ರಲ್ಲಿ ಡೆಲವೇರ್‌ನಲ್ಲಿ ಮದ್ದಿನ ಕಾರ್ಖಾನೆ ಶುರುಮಾಡಿದ. ಅದೇ ಇಂದಿನ ಡ್ಯುಪಾಂಟ್ ಕಂಪನಿಯ ಮೂಲ. ಮನೆಯಲ್ಲಿ ತೋಟಾ ತುಂಬುವ ಅಮೆರಿಕನ್ನರು ದಶಕಗಳ ಕಾಲ ಬಳಸಿದ ಐಎಂಆರ್ ಮದ್ದುಗಳು ಇದೇ ಕಂಪನಿಯವು. ಆದರೆ ಅವು ಹೊಗೆ ಬಾರದ ಹೊಸ ಜಾತಿಯ ಮದ್ದು, ಲವಾಸಿಯೆಯ ಕರಿಮದ್ದಲ್ಲ. ಕರಿಮದ್ದಿಗೆಂದು ಮಾಡಿದ ಹಳೆಯ ಕೋವಿಗೆ ಇದನ್ನು ತುಂಬಿದರೆ ನಳಿಗೆಯೇ ಸೀಳಿ ಹೋಗಬಹುದು.