ಕುತ್ತಿಗೆ ಸವೆದರೆ ಆಪರೇಷನ್ನೇ ಗತಿಯೇ? ಬ್ರೇನ್ ಎಂಬ ವೈದ್ಯರ ಕಥೆ

ಕುತ್ತಿಗೆ ನೋವಿನ ಬಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಓಡಾಡುತ್ತವೆ. ಸ್ಕ್ಯಾನ್‌ನಲ್ಲಿ ಸವೆತ ಕಂಡರೆ ಬೇಗ ಆಪರೇಷನ್ ಮಾಡಿಸಿ, ಇಲ್ಲದಿದ್ದರೆ ಕೈಕಾಲು ಬೀಳುತ್ತವೆ ಎನ್ನುತ್ತದೆ ಒಂದು. ಕುತ್ತಿಗೆಗೆ ಕತ್ತರಿ ಹಾಕಿಸಿದವರು ಹಾಸಿಗೆ ಹಿಡಿಯುವುದು ಖಚಿತ ಎನ್ನುತ್ತದೆ ಇನ್ನೊಂದು. ಆಲಮಟ್ಟಿಯಿಂದ ಬಾಗಲಕೋಟೆಗೋ ವಿಜಯಪುರಕ್ಕೋ ಹೋಗಿ ಎಂಆರ್‌ಐ ಮಾಡಿಸಿಕೊಂಡು ಬಂದವರು ಯಾವುದನ್ನು ನಂಬಬೇಕು?

ಎರಡೂ ತಪ್ಪು. ಯಾಕೆ ತಪ್ಪು ಎಂದು ತಿಳಿಯಲು ಲಂಡನ್ನಿನ ಒಬ್ಬ ನರರೋಗ ತಜ್ಞರ ಬದುಕನ್ನು ನೋಡಬೇಕು. ಅವರ ಹೆಸರು ರಸೆಲ್ ಬ್ರೇನ್. ಹೌದು, ಮೆದುಳಿನ ವೈದ್ಯರ ಮನೆತನದ ಹೆಸರೇ ಬ್ರೇನ್! ಮುಂದೆ ಅವರು ಸಂಪಾದಿಸಿದ ವೈದ್ಯಕೀಯ ಪತ್ರಿಕೆಯ ಹೆಸರೂ ಬ್ರೇನ್. ಇದು ಯಾರೋ ಕಟ್ಟಿದ ಫಾರ್ವರ್ಡ್ ಕಥೆಯಲ್ಲ, ನಿಜ.

ಬ್ರೇನ್ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ರೆಡಿಂಗ್ ಊರಿನಲ್ಲಿ. ತಂದೆ ವಕೀಲರು. ಆಕ್ಸ್‌ಫರ್ಡ್‌ನಲ್ಲಿ ಮೊದಲು ಓದಲು ಹೊರಟಿದ್ದು ಇತಿಹಾಸ, ಅದು ಹಿಡಿಸಲಿಲ್ಲ. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬಂದೂಕು ಹಿಡಿಯಲು ಒಪ್ಪದ ಬ್ರೇನ್ ಆಂಬುಲೆನ್ಸ್ ದಳ ಸೇರಿದರು. ಲಂಡನ್ನಿನ ಆಸ್ಪತ್ರೆಯೊಂದರ ಎಕ್ಸ್‌ರೇ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮುಂದೆ ಮಡದಿಯಾದ ಸ್ಟೆಲ್ಲಾ ಅವರಿಗೆ ಸಿಕ್ಕಿದ್ದೂ ಅಲ್ಲೇ. ಡೌನ್ ಸಿಂಡ್ರೋಮ್ ಎಂಬ ಹೆಸರಿಗೆ ಕಾರಣರಾದ ಲ್ಯಾಂಗ್ಡನ್ ಡೌನ್ ಅವರ ಮೊಮ್ಮಗಳು ಈಕೆ. ಯುದ್ಧ ಮುಗಿದ ಮೇಲೆ ಬ್ರೇನ್ ವೈದ್ಯಕೀಯ ಓದಿ, ಲಂಡನ್ ಆಸ್ಪತ್ರೆಯಲ್ಲಿ ನೆಲೆ ನಿಂತರು. 1933ರಲ್ಲಿ ನರರೋಗಗಳ ಬಗ್ಗೆ ಅವರು ಬರೆದ ಪಠ್ಯಪುಸ್ತಕ ಹಲವು ತಲೆಮಾರಿನ ವೈದ್ಯರಿಗೆ ದಾರಿ ತೋರಿಸಿತು.

ನಮಗೆ ಮುಖ್ಯವಾದ ಮೊದಲ ಕೆಲಸ 1947ರದು. ಕೈ ಜೋಮು ಹಿಡಿದು, ಹೆಬ್ಬೆರಳ ಬುಡದ ಸ್ನಾಯು ಸೊರಗಿದ ಆರು ರೋಗಿಗಳ ಬಗ್ಗೆ ಬ್ರೇನ್ ಮತ್ತು ಇಬ್ಬರು ಸಹೋದ್ಯೋಗಿಗಳು ಬರೆದರು. ಇಂಥ ತೊಂದರೆಗೆ ಕುತ್ತಿಗೆಯ ಬುಡದಲ್ಲೇ ಕಾರಣ ಹುಡುಕುವುದು ಆಗ ವಾಡಿಕೆ. ಇವರು ತೋರಿಸಿದ್ದು, ನರ ಒತ್ತಿಕೊಂಡಿರುವುದು ಮಣಿಕಟ್ಟಿನಲ್ಲಿ ಎಂದು. ಇಂದು ಕಾರ್ಪಲ್ ಟನಲ್ ಎಂದು ಕರೆಯುವುದು ಇದನ್ನೇ. ರೊಟ್ಟಿ ಬಡಿಯುವಾಗ ಬೆರಳು ಜೋಮು ಹಿಡಿಯುತ್ತದೆ, ಎಂಆರ್‌ಐನಲ್ಲಿ ಕುತ್ತಿಗೆ ಸವೆದಿದೆ, ಆದ್ದರಿಂದ ಕುತ್ತಿಗೆಯೇ ಕಾರಣ ಎಂದು ತೀರ್ಮಾನಿಸುವ ಮೊದಲು ಮಣಿಕಟ್ಟನ್ನೂ ಪರೀಕ್ಷಿಸಬೇಕಾದದ್ದು ಇದಕ್ಕೇ. ತೊಂದರೆ ಮಣಿಕಟ್ಟಿನಲ್ಲಿದ್ದರೆ ಕುತ್ತಿಗೆಯ ಆಪರೇಷನ್‌ನಿಂದ ಏನು ಪ್ರಯೋಜನ?

ಎರಡನೆಯದು 1952ರದು. ಶಸ್ತ್ರಚಿಕಿತ್ಸಕ ನಾರ್ತ್‌ಫೀಲ್ಡ್ ಮತ್ತು ವೈದ್ಯೆ ಮಾರ್ಷಿಯಾ ವಿಲ್ಕಿನ್‌ಸನ್ ಜೊತೆ ಸೇರಿ ಬ್ರೇನ್ ಕುತ್ತಿಗೆ ಸವೆತದ ಬಗ್ಗೆ ದೊಡ್ಡ ಲೇಖನ ಪ್ರಕಟಿಸಿದರು. ನಮ್ಮಲ್ಲಿ ಬಹಳ ಜನ ಸ್ಪಾಂಡಿಲೈಟಿಸ್ ಎನ್ನುವ ಈ ಕಾಯಿಲೆಯ ಸರಿಯಾದ ಹೆಸರು ಸ್ಪಾಂಡಿಲೋಸಿಸ್. ಡಿಸ್ಕ್ ಒಮ್ಮೆಲೇ ಹೊರಗೆ ಚಾಚಿಕೊಳ್ಳುವುದು ಬೇರೆ, ವರ್ಷಗಟ್ಟಲೆ ಸವೆದು ಅಂಚಿನಲ್ಲಿ ಮೂಳೆ ಬೆಳೆಯುವುದು ಬೇರೆ ಎಂದು ಅವರು ವಿಂಗಡಿಸಿದರು. ಸವೆತ ಎಲ್ಲರಿಗೂ ಒಂದೇ ತೊಂದರೆ ಕೊಡುವುದಿಲ್ಲ. ಕೆಲವರಿಗೆ ಬರೀ ಕುತ್ತಿಗೆ ನೋವು. ಕೆಲವರಿಗೆ ಕೈಗೆ ಹೋಗುವ ನರ ಒತ್ತಿಕೊಂಡು ತೋಳಿನುದ್ದಕ್ಕೂ ಸೆಳೆತ. ಇನ್ನು ಕೆಲವರಿಗೆ ಬೆನ್ನುಹುರಿಯೇ ಒತ್ತಿಕೊಳ್ಳುತ್ತದೆ.

ಆಪರೇಷನ್ ಬೇಕೇ ಬೇಡವೇ ಎಂಬುದು ಇವತ್ತಿಗೂ ನಿಂತಿರುವುದು ಈ ವಿಂಗಡಣೆಯ ಮೇಲೆ. ಅರವತ್ತು ದಾಟಿದ ಹೆಚ್ಚಿನವರ ಕುತ್ತಿಗೆಯಲ್ಲಿ ಸವೆತ ಕಾಣುತ್ತದೆ, ಅವರಲ್ಲಿ ಅನೇಕರಿಗೆ ನೋವೇ ಇರುವುದಿಲ್ಲ. ಬರೀ ಕುತ್ತಿಗೆ ನೋವಿಗೆ ಆಪರೇಷನ್ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಮಾಡಿಸಿದರೂ ನೋವು ಹೋಗುತ್ತದೆಂಬ ಭರವಸೆ ಕಡಿಮೆ. ತೋಳಿನ ಸೆಳೆತ ಬಹಳ ಜನರಿಗೆ ಕೆಲವು ವಾರಗಳಲ್ಲಿ, ಹೆಚ್ಚೆಂದರೆ ಕೆಲವು ತಿಂಗಳಲ್ಲಿ ಔಷಧ, ವ್ಯಾಯಾಮದಿಂದ ಇಳಿಯುತ್ತದೆ. ಇಳಿಯದಿದ್ದರೆ ಅಥವಾ ಕೈಯ ಬಲ ಕುಗ್ಗುತ್ತಾ ಹೋದರೆ ಆಪರೇಷನ್ ಮಾತು ಬರುತ್ತದೆ.

ಬೆನ್ನುಹುರಿ ಒತ್ತಿಕೊಂಡಾಗ ಲೆಕ್ಕ ಬೇರೆ. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುವುದು, ಅಕ್ಷರ ಕೆಡುವುದು, ಚಪ್ಪಲಿ ಕಾಲಿನಿಂದ ಜಾರಿದ್ದೇ ಗೊತ್ತಾಗದಿರುವುದು, ನಡೆಯುವಾಗ ಓಲಾಡುವುದು, ಮೂತ್ರದ ಹಿಡಿತ ತಪ್ಪುವುದು ಇದರ ಲಕ್ಷಣಗಳು. ಮೋಸವೆಂದರೆ, ಇಂಥವರಲ್ಲಿ ಕೆಲವರಿಗೆ ನೋವೇ ಇರುವುದಿಲ್ಲ. ಇಲ್ಲಿ ತಡ ಮಾಡಬಾರದು. ಆಪರೇಷನ್‌ನ ಮೊದಲ ಗುರಿ ಇನ್ನಷ್ಟು ಕೆಡದಂತೆ ತಡೆಯುವುದು. ಹೋದ ಶಕ್ತಿ ಪೂರ್ತಿ ಮರಳದೆಯೂ ಇರಬಹುದು. ಹೀಗಾಗಿ ಆಪರೇಷನ್ ಆದಮೇಲೆ ನಡೆಯಲಾಗದೆ ಉಳಿದವರಲ್ಲಿ ಎಷ್ಟೋ ಮಂದಿ ಹೊತ್ತು ಮೀರಿ ಬಂದವರು. ಎರಡನೇ ಫಾರ್ವರ್ಡ್ ಹುಟ್ಟುವುದು ಇಂಥ ಕಡೆಯೇ ಇರಬೇಕು.

ಬ್ರೇನ್ ಕಾಲದಲ್ಲಿ ಆಪರೇಷನ್ ಎಂದರೆ ಹೆಚ್ಚಾಗಿ ಹಿಂದಿನಿಂದ ಮೂಳೆಯ ಕಮಾನು ತೆಗೆಯುವುದು. ಫಲಿತಾಂಶ ಎಲ್ಲರಿಗೂ ಒಂದೇ ಆಗಿರಲಿಲ್ಲ, ಅದಕ್ಕೇ ಕಾಲರ್ ಹಾಕಿ ಕಾದು ನೋಡುವುದಕ್ಕೂ ಅವರು ಬೆಲೆ ಕೊಟ್ಟರು. 1950ರ ದಶಕದಲ್ಲೇ ಅಮೆರಿಕದ ರಾಬಿನ್ಸನ್ ಮತ್ತು ಸ್ಮಿತ್, ಅವರ ನಂತರ ಕ್ಲೋವರ್ಡ್, ಕತ್ತಿನ ಮುಂಭಾಗದಿಂದ ಡಿಸ್ಕ್ ತೆಗೆದು ಮೂಳೆ ಬೆಸೆಯುವ ದಾರಿ ತೋರಿಸಿದರು. ಇಂದು ಹೆಚ್ಚು ನಡೆಯುವುದು ಇದೇ. ಕೆಲವು ದಿನ ದನಿ ಒಡೆಯಬಹುದು, ನುಂಗಲು ಕಷ್ಟವಾಗಬಹುದು. ಬೆಸೆದ ಜಾಗದ ಮೇಲಿನ, ಕೆಳಗಿನ ಡಿಸ್ಕ್ ಮುಂದೆ ಸವೆಯುವುದೂ ಉಂಟು. ಕೆಲವರಿಗೆ ಬೆಸೆಯುವ ಬದಲು ಕೃತಕ ಡಿಸ್ಕ್ ಕೂರಿಸುತ್ತಾರೆ. ಹಲವು ಕಡೆ ಒತ್ತಿಕೊಂಡಿದ್ದರೆ ಹಿಂದಿನ ದಾರಿಯೇ ಸೂಕ್ತವಾಗಬಹುದು. ಪಾರ್ಶ್ವವಾಯುವಿನ ಅಪಾಯ ಇಲ್ಲವೇ ಇಲ್ಲ ಎನ್ನುವಂತಿಲ್ಲ, ಆದರೆ ಅದು ಅಪರೂಪ. ನಿಮ್ಮ ವಿಷಯದಲ್ಲಿ ಅದೆಷ್ಟು, ಸುಮ್ಮನಿದ್ದರೆ ಏನಾದೀತು ಎಂದು ಸರ್ಜನ್‌ರನ್ನೇ ಕೇಳಿ. ಅಂದಹಾಗೆ, ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ತಿರುವಿ ಲಟಕ್ಕೆನಿಸುವುದು ಚಿಕಿತ್ಸೆಯಲ್ಲ. ಮೆದುಳಿಗೆ ರಕ್ತ ಒಯ್ಯುವ ನಾಳ ಅದರಿಂದ ಹರಿದದ್ದೂ ಇದೆ.

ಬ್ರೇನ್ ಅವರಿಗೆ ಮುಂದೆ ಬೇಕಾದಷ್ಟು ಗೌರವ ಬಂತು. ಚರ್ಚಿಲ್ ಅವರನ್ನೂ ಪರೀಕ್ಷಿಸಿದರು, 1962ರಲ್ಲಿ ಲಾರ್ಡ್ ಆದರು. ತೀರಿಕೊಂಡದ್ದು 1966ರ ಡಿಸೆಂಬರ್‌ನಲ್ಲಿ. ಎಂಆರ್‌ಐ ಆಸ್ಪತ್ರೆಗಳಿಗೆ ಬಂದದ್ದು 1980ರ ದಶಕದಲ್ಲಿ, ಅದನ್ನು ಅವರು ನೋಡಲಿಲ್ಲ. ಎಕ್ಸ್‌ರೇ, ಬೆನ್ನಿಗೆ ಬಣ್ಣದ ದ್ರವ ಚುಚ್ಚಿ ತೆಗೆದ ಚಿತ್ರ ಬಿಟ್ಟರೆ ಅವರಿಗಿದ್ದದ್ದು ಮೊಣಕಾಲಿಗೆ ತಟ್ಟುವ ಪುಟ್ಟ ಸುತ್ತಿಗೆ, ರೋಗಿಯನ್ನು ನಡೆಸಿ ನೋಡುವ ಕಣ್ಣು. ರಿಪೋರ್ಟ್ ಹಿಡಿದು ಹೋದಾಗ ನಿಮ್ಮ ವೈದ್ಯರೂ ಈ ಎರಡು ಪರೀಕ್ಷೆ ಮಾಡಿದರೇ ಎಂದು ಗಮನಿಸಿ.